ಚಕ್ರದಡಿಯ ನಿಂಬೆಹಣ್ಣು

1946ರ ನವೆಂಬರ್ 17, ಭಾನುವಾರ ಬೆಳಿಗ್ಗೆ ಒಂಬತ್ತೂ ಕಾಲು. ಸಮೇತನಹಳ್ಳಿಯ ಜಮೀನುದಾರ ವೆಂಕಟರಾಯಪ್ಪ ಹೊಸಕೋಟೆ ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ದಿನ ಮನೆಯವರೆಲ್ಲ ಬೂದಿಗೆರೆಗೆ ಮದುವೆಗೆ ಹೋಗಿದ್ದಾಗ ಶೆಡ್ಡಿನಲ್ಲಿದ್ದ ಮೋಟಾರು ಕಳುವಾಗಿತ್ತು.

ಇನ್ಸ್‌ಪೆಕ್ಟರ್ ಆದಿನಾರಾಯಣಪ್ಪ ಎಫ್‌ಐಆರ್ ಬರೆಸುತ್ತಾ ಕೇಳಿದರು. “ಎಂಥ ಗಾಡಿ?”

“ನಮ್ಮಪ್ಪನ ಕಾಲದ ಫೋರ್ಡು. ಛಾವಣಿ ಕುಯ್ದು ತಗ್ಗಿಸಿ, ಮಡ್‌ಗಾರ್ಡ್ ಕಿತ್ತು, ಮಿಲಿಟರಿ ಹರಾಜಿನ ಲಾರಿ ಇಂಜಿನ್ ಕೂರಿಸಿದೀವಿ. ರೇಸಿನ ಗಾಡಿ ಥರ.”

“ಓಡುತ್ತಾ?”

“ಇನ್ನೂ ಇಲ್ಲ. ಯಾರೋ ಎತ್ತು ಕಟ್ಟಿ ಎಳ್ಕೊಂಡು ಹೋಗಿದಾರೆ.”

“ಮೇಸ್ತ್ರಿ?”

“ಪಿಳ್ಳಣ್ಣ ಅಂತ, ಯುದ್ಧ ಮುಗಿದ್ಮೇಲೆ ಪಟಾಲಮ್ಮಿಂದ ಬಂದೋನು. ಶುಕ್ರವಾರವೇ ರಜಾ ಹಾಕಿ ನಂದಗುಡಿಗೆ ಹೋದ, ಹೆಂಡತಿ ಹತ್ರ.”

ಹನ್ನೊಂದಕ್ಕೆ ಸ್ಥಳ ಪರಿಶೀಲನೆ. ಎತ್ತಿನ ಗೊರಸಿನ ಗುರುತು ಒಂದೂ ಇರಲಿಲ್ಲ. ಬಾಗಿಲ ಬೀಗ ಹೊರಗಿನಿಂದ ಹಾಕಿದಂತೆಯೇ ಇತ್ತು. ಕೀಲಿನ ತಿರುಪುಗಳನ್ನು ಒಳಗಿನಿಂದ ಬಿಚ್ಚಿ, ಕಳೆದುಹೋಗಬಾರದೆಂದು ಒಂದು ತಟ್ಟೆಯಲ್ಲಿ ಜೋಡಿಸಿಡಲಾಗಿತ್ತು. ಮೂಲೆಯಲ್ಲಿ ಚಾಪೆ, ನೀರಿನ ಗಡಿಗೆ. ನೆಲದ ಮೇಲೆ ನಾಲ್ಕು ಕಡೆ ಜಜ್ಜಿದ ನಿಂಬೆಹಣ್ಣು.

ದಫೇದಾರ ಬೈರಣ್ಣ ನಕ್ಕ. “ಭಲೇ ದೈವಭಕ್ತ ಕಳ್ಳ ಸ್ವಾಮಿ.”

“ಚಕ್ರಕ್ಕೆ ನಿಂಬೆಹಣ್ಣು ಯಾವಾಗ ಇಡ್ತೀವಿ ಬೈರಣ್ಣ?”

“ಹೊಸ ಗಾಡಿ ಮೊದಲ ಸಲ ಹೊರಡುವಾಗ.” ಬೈರಣ್ಣನ ನಗು ನಿಂತಿತು. “ಕಳ್ಳನಿಗೆ ಇದು ಹಳೇ ಗಾಡಿ. ಕಟ್ಟಿದೋನಿಗೆ ಮಾತ್ರ ಹೊಸದು.”

ವೆಂಕಟರಾಯಪ್ಪ ಮೆಲ್ಲಗೆ ಕೇಳಿದರು. “ಬೀಗದ ವಿಷಯ ಬರೀಲೇಬೇಕಾ?”

“ಪಂಚನಾಮೆ ಯಜಮಾನರೇ. ಕಂಡದ್ದೆಲ್ಲಾ ಬರೀಬೇಕು.”

ಮೂರು ಗಂಟೆಗೆ ನಂದಗುಡಿ ತಲುಪಿದರು. ಹೊಂಗೆಮರದ ಕೆಳಗೆ ಮೋಟಾರು ನಿಂತಿತ್ತು. ಪಿಳ್ಳಣ್ಣ ಅದರ ಧೂಳು ಒರೆಸುತ್ತಿದ್ದ. ಅವನ ಹೆಂಡತಿ ಅಶ್ವತ್ಥಮ್ಮ ಪೊಲೀಸರನ್ನು ಕಂಡು ಒಳಗೆ ಹೋದಳು.

“ಯಾಕೆ ಓಡಿಹೋಗಲಿಲ್ಲ?”

“ಎಲ್ಲಿಗೆ ಸ್ವಾಮಿ? ನನ್ನ ಮಿಲಿಟರಿ ಡಿಸ್ಚಾರ್ಜ್ ಕಾಗದ ಯಜಮಾನರ ಪೆಟ್ಟಿಗೇಲಿದೆ. ನಾಳೆ ಅದನ್ನ ತೋರಿಸಿದ್ರೆ ಬೆಂಗಳೂರಿನ ವರ್ಕ್‌ಶಾಪಲ್ಲಿ ಕೆಲಸ. ಗಾಡಿ ಮುಗಿಸು, ಕೊಡ್ತೀನಿ ಅಂದ್ರು. ಮುಗಿಸಿದೆ. ಛಾವಣಿ ಇನ್ನೆರಡು ಅಂಗುಲ ಇಳಿಸು ಅಂದ್ರು. ಇಳಿಸಿದೆ. ಇನ್ನೂ ಓಡಲ್ಲ ಅಂತ ಊರಿಗೆಲ್ಲ ಹೇಳಿ, ನನ್ನನ್ನ ಶೆಡ್ಡೊಳಗೇ ಕೂಡಿ ಬೀಗ ಹಾಕಿದ್ರು.”

“ಅದಕ್ಕೆ ಕದ್ದೆಯಾ?”

“ಓಡುತ್ತೆ ಅಂತ ನಾಲ್ಕು ಜನ ನೋಡ್ಬೇಕಿತ್ತು.”

ಪಂಚರ ಮುಂದೆ ಇಂಜಿನ್ ಶುರು ಮಾಡಿಸಿದರು. ‘ವಾಹನ ಸುಸ್ಥಿತಿಯಲ್ಲಿದ್ದು, ಚಲಿಸುತ್ತದೆ’ ಎಂದು ಬೈರಣ್ಣ ಬರೆದ. ಪಿಳ್ಳಣ್ಣ ಆ ಸಾಲನ್ನು ಎರಡು ಸಲ ಓದಿಸಿಕೊಂಡು ಕೈ ಮುಂದೆ ಚಾಚಿದ. ಬೈರಣ್ಣ ಬೇಡಿ ತೊಡಿಸಿದ.

ಗಾಡಿಯನ್ನು ಠಾಣೆಗೆ ಒಯ್ಯಬೇಕಿತ್ತು. ಪೊಲೀಸರಲ್ಲಿ ಯಾರಿಗೂ ಓಡಿಸಲು ಬರುತ್ತಿರಲಿಲ್ಲ. ಆದಿನಾರಾಯಣಪ್ಪ ಬೇಡಿ ಬಿಚ್ಚಿಸಿ ಪಕ್ಕದಲ್ಲಿ ಕೂತರು.

ಪಿಳ್ಳಣ್ಣ ಗುಂಡಿಗಳನ್ನು ತಪ್ಪಿಸುತ್ತ ಬಹಳ ನಿಧಾನವಾಗಿ ಓಡಿಸಿದ. ಠಾಣೆಯ ಅಂಗಳದಲ್ಲಿ ನೆರಳು ನೋಡಿ ನಿಲ್ಲಿಸಿದ. ಸಂಜೆ 5.40ಕ್ಕೆ ದಸ್ತಗಿರಿ ದಾಖಲಾಯಿತು. ಸೋಮವಾರ ಬೆಳಿಗ್ಗೆ, ವರ್ಕ್‌ಶಾಪಿಗೆ ಹಾಜರಾಗಬೇಕಿದ್ದ ಹೊತ್ತಿಗೆ, ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರು. ಅವರು ಪಂಚನಾಮೆಯಲ್ಲಿ ಮೊದಲು ಓದಿದ್ದು ‘ಚಲಿಸುತ್ತದೆ’ ಎಂಬ ಆ ಒಂದು ಸಾಲನ್ನೇ.