ಬೈಗುಳವಿಲ್ಲದ ಪರದೆ

"ನೀರು ಬೇಕು," ಎಂದಿತು ಟ್ಯಾಬ್ಲೆಟ್. ಸೊಸೆ ಓಡಿಬಂದು ಲೋಟ ಹಿಡಿದಳು. ಅತ್ತೆ ಎಡಗೈಯಿಂದ ಅದನ್ನು ದೂಡಿದರು. "ನೀರು ಬೇಕು... ನೀರು ಬೇಕು... ನೀರು ಬೇಕು!" ಅತ್ತೆಯ ಬೆರಳು ಪರದೆಯ ಮೇಲಿನ ಅದೇ ಚಿತ್ರವನ್ನು ಕುಟ್ಟುತ್ತಲೇ ಇತ್ತು. ಮತ್ತೆ ತುಂಬಿಸಿ ತಂದ ಲೋಟ ಈ ಸಲ ನೆಲಕ್ಕೆ ಬಿದ್ದು ಉರುಳಿ, ನೀರೆಲ್ಲ ಸೋಫಾದ ಕೆಳಗೆ ಹರಿಯಿತು. ಪತ್ರಿಕೆಯ ಹಿಂದಿನಿಂದ ಮಾವ ತಲೆಯೆತ್ತದೆ ಕೇಳಿದರು, "ಏನಂತೆ?" ಕನ್ನಡಿಯ ಮುಂದೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ ಗಂಡನೂ ಅಲ್ಲಿಂದಲೇ ಕೇಳಿದ, "ಏನಂತೆ ಅಮ್ಮಂಗೆ?"

"ನಂಗೇನು ಗೊತ್ತು!" ಎಂದು ಕಿರುಚಬೇಕೆನಿಸಿತು ಸೊಸೆಗೆ. ಕಿರುಚಲಿಲ್ಲ. ನೆಲ ಒರೆಸುವ ಬಟ್ಟೆ ತಂದು ಮಂಡಿಯೂರಿ ಕುಳಿತಳು. ತಲೆಯ ಮೇಲಿನಿಂದ ಅವಳದೇ ದನಿ "ನೀರು ಬೇಕು, ನೀರು ಬೇಕು" ಎನ್ನುತ್ತಿತ್ತು. ಹೌದು, ಆ ದನಿ ಅವಳದೇ. ಲಕ್ವ ಹೊಡೆದು ಅತ್ತೆಯ ಬಲಗೈಯೂ ಮಾತೂ ಹೋದ ಮೇಲೆ, ಅಕ್ಷರಗಳೂ ಕಣ್ಣಿಗೆ ಬರೀ ಗೆರೆಗಳಾದ ಮೇಲೆ, ಒಂದೊಂದೇ ಚಿತ್ರ ಬರೆದು, ಒತ್ತಿದರೆ ಮಾತು ಬರುವಂತೆ ತನ್ನ ದನಿಯನ್ನೇ ತುಂಬಿ ಆ ಪರದೆಯನ್ನು ಕಟ್ಟಿದವಳು ಅವಳು. ಇತರರು ಆಡಿದ್ದೆಲ್ಲ ಅತ್ತೆಗೆ ಅರ್ಥವಾಗುತ್ತಿತ್ತು; ತಿರುಗಿ ಹೇಳಲು ಮಾತ್ರ ಆಗುತ್ತಿರಲಿಲ್ಲ. ಆದರೂ ಮನೆಯಲ್ಲಿ ಯಾರೂ ಅತ್ತೆಯನ್ನು ನೇರವಾಗಿ ಏನೂ ಕೇಳುತ್ತಿರಲಿಲ್ಲ. ಎಲ್ಲರೂ ಸೊಸೆಯ ಕಡೆ ತಿರುಗಿ 'ಏನಂತೆ?' ಎನ್ನುವುದೇ ಆ ಮನೆಯ ಪದ್ಧತಿಯಾಗಿಬಿಟ್ಟಿತ್ತು.

ಅವಳ ಕೆಲಸವೂ ಅಂಥದ್ದೇ. ಆಸ್ಪತ್ರೆಗಳ ಟೋಕನ್ ಯಂತ್ರಗಳಿಗೆ ಪರದೆ ರೂಪಿಸುವ ಕಂಪನಿಯಲ್ಲಿದ್ದಳು. ಯಾವ ಗುಂಡಿ ಎಲ್ಲಿರಬೇಕು, ನಡುಗುವ ಕೈಗೆ ಎಷ್ಟು ದೊಡ್ಡದಿರಬೇಕು, ಗಾಬರಿಯಲ್ಲಿ ಬಂದವನಿಗೆ ಮೊದಲು ಏನು ಕಾಣಬೇಕು... ಇದನ್ನೆಲ್ಲ ಬುಡದಿಂದ ಕಲಿಯಬೇಕೆಂಬುದು ಅವಳ ಬಹುದಿನದ ಹಂಬಲ. ಹ್ಯೂಮನ್ ಕಂಪ್ಯೂಟರ್ ಇಂಟರ್‌ಆ್ಯಕ್ಷನ್ ಎಂಬ ಸ್ನಾತಕೋತ್ತರ ಪದವಿ. ಹಿಂದೊಮ್ಮೆ ಸೀಟು ಸಿಕ್ಕಿತ್ತು. ಆಗ ಅತ್ತೆಗೆ ಮಾತಿತ್ತು. ಎಂಥ ಮಾತು! "ಮನೆ ಬಿಟ್ಟು ಓದೋಕೆ ಹೋಗೋಳು ವಾಪಸ್ ಈ ಹೊಸಿಲು ತುಳಿಯೋದು ಬೇಡ. ನನ್ನ ಮಗ ಕಟ್ಕೊಂಡಿದ್ದು ಹೆಂಡತೀನಾ, ಲ್ಯಾಪ್‌ಟಾಪನ್ನಾ?" ಎಂದು ಪಕ್ಕದ ಮನೆಯವರಿಗೂ ಕೇಳುವಂತೆ ಕೂಗಿದ್ದರು. ಸೀಟು ಕೈಬಿಟ್ಟಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅವಳು ಬಚ್ಚಲಿನ ನಲ್ಲಿ ತಿರುಗಿಸಿ ಅತ್ತಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಸೊಸೆಯ ಕಾಲ ಬಂದಾಗ ಅದು ಅತ್ತೆಯ ಗಾಲಿಕುರ್ಚಿ ತಳ್ಳಿಕೊಂಡೇ ಬಂತು!

ಈಗ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಇಲ್ಲೇ, ಎರಡು ಬಸ್ ಸ್ಟಾಪು ಆಚೆಗಿನ ಕಾಲೇಜು, ಸಂಜೆ ತರಗತಿ. ಇನ್ನೊಂದು ದೂರದ ವಿಶ್ವವಿದ್ಯಾಲಯ. ಅಲ್ಲೇ ಇದ್ದು ಓದಬೇಕು, ಎರಡು ವರ್ಷ. ಇವತ್ತು ಸಂಜೆಯೊಳಗೆ ಯಾವುದಾದರೊಂದಕ್ಕೆ ಒಪ್ಪಿಗೆ ಒತ್ತಬೇಕು.

"ಇದರಲ್ಲಿ ಯೋಚನೆ ಮಾಡೋದೇನಿದೆ?" ಮಾವ ಪತ್ರಿಕೆ ಮಡಚಿದರು. "ಪದವಿ ಒಂದೇ, ಹೆಸರು ಒಂದೇ. ಇಲ್ಲೇ ಸೇರು. ಅಲ್ಲ, ನಂಗೆ ಇನ್ನೂ ಅರ್ಥ ಆಗಿಲ್ಲಮ್ಮ... ಗುಂಡಿ ಎಲ್ಲಿಡಬೇಕು ಅನ್ನೋದಕ್ಕೂ ಒಂದು ಕಾಲೇಜಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅದನ್ನ ಎರಡು ವರ್ಷ ಕೂರಿಸಿ ಕಲಿಸ್ತಾರಾ?"

ಮಾವ ಟೈಪಿಂಗ್ ಶಾಲೆ ನಡೆಸಿದವರು. ಊರಿನ ಅರ್ಧ ಗುಮಾಸ್ತರ ಬೆರಳುಗಳನ್ನು ಕೀಲಿಗಳ ಮೇಲೆ ಕೂರಿಸಿದವರು. ಕೀಲಿಮಣೆ ಬದಲಾಗುವುದಿಲ್ಲ, ಬೆರಳು ಬದಲಾಗಬೇಕು ಎಂಬುದು ಅವರ ಧರ್ಮ. ನೋಡದೆ ಟೈಪ್ ಮಾಡುವುದನ್ನು ಕಲಿಸಿ ಕಲಿಸಿ, ಮನೆಯವರನ್ನೂ ನೋಡದೆ ಮಾತಾಡುವ ಅಭ್ಯಾಸವಾಗಿತ್ತು.

"ನೆಲ ನಿಜವಾಗ್ಲೂ ಡೊಂಕಾಗಿದ್ರೆ, ಮಾವ?" ಎಂದಳು ಸೊಸೆ, ಬಟ್ಟೆ ಹಿಂಡುತ್ತ.

"ಡೊಂಕೋ ಸೊಟ್ಟವೋ, ನೀನು ಹೊರಟುಹೋದ್ರೆ ಇವಳ ಮಾತು ಯಾರಿಗೆ ಅರ್ಥ ಆಗತ್ತೆ? ನಂಗೆ ಆ ಹಲಗೆ ಮುಟ್ಟೋಕೂ ಬರಲ್ಲ."

"ಕಲೀಬಹುದಲ್ಲ ಮಾವ..."

"ಈ ವಯಸ್ಸಲ್ಲಾ?"

ಸೊಸೆ ಗಂಡನ ಕಡೆ ನೋಡಿದಳು. ಅವನು ಬಸ್ ಡಿಪೋದಲ್ಲಿ ವೇಳಾಪಟ್ಟಿ ಹಾಕುವವನು. ಊರಿನ ಎಲ್ಲ ಬಸ್ಸುಗಳಿಗೂ ಹೊರಡುವ ಹೊತ್ತು ಗೊತ್ತುಮಾಡಬಲ್ಲ ಆ ಪುಣ್ಯಾತ್ಮ, ಹೆಂಡತಿಯ ವಿಷಯ ಬಂದರೆ ಸ್ಟ್ಯಾಂಡಿನಲ್ಲೇ ನಿಂತುಬಿಡುತ್ತಿದ್ದ. "ಅಪ್ಪ ಹೇಳೋದ್ರಲ್ಲೂ... ಅಂದ್ರೆ ನೀನು ಹೋಗ್ಬೇಡ ಅಂತಲ್ಲ... ಇಲ್ಲಿಯ ಕಾಲೇಜಿನವರು ನಿನ್ನ ಕೆಲಸ ನೋಡಿ ಎಷ್ಟು ಹೊಗಳಿದ್ರು! ಆ ದೂರದ ಪ್ರೊಫೆಸರಮ್ಮ ಏನು ಮಾಡಿದ್ರು? ನಿನ್ನ ಮುಖ ಸಪ್ಪೆ ಮಾಡಿ ಕಳಿಸಿದ್ರು."

ಅದು ಮಾತ್ರ ನಿಜ. ಹತ್ತಿರದ ಕಾಲೇಜಿನ ಮುಖ್ಯಸ್ಥರು ಅತ್ತೆಯ ಪರದೆಯನ್ನು ನೋಡಿ ಎದ್ದುನಿಂತು ಕೈಕುಲುಕಿದ್ದರು. "ಸೇವೆ ಅಂದ್ರೆ ಇದು!" ಎಂದು, ತಮ್ಮ ವಸ್ತುಪ್ರದರ್ಶನದಲ್ಲಿ ಇಡಲು ಅದರ ಫೋಟೋ ಕೇಳಿದ್ದರು. ನಿನ್ನೆ ಮಧ್ಯಾಹ್ನ ವೀಡಿಯೋ ಕರೆಯಲ್ಲಿ ಅದೇ ಪರದೆಯನ್ನು ನೋಡಿದ ದೂರದ ಪ್ರೊಫೆಸರಮ್ಮ, "ನಿಮ್ಮ ಅತ್ತೆ ಮೊದಲು ಹೇಗೆ ಮಾತಾಡ್ತಿದ್ರು?" ಎಂದು ಕೇಳಿದ್ದರು. "ಜೋರು ಮೇಡಂ. ತುಂಬಾ ಜೋರು," ಎಂದು ಇವಳು ನಕ್ಕಿದ್ದಳು. ಆ ಹೆಂಗಸು ನಗಲಿಲ್ಲ. "ಆ ಜೋರು ಇದರಲ್ಲಿ ಎಲ್ಲಿದೆ? ಇದನ್ನು ಹಿಡ್ಕೊಂಡು ಅವರು ಏನೇನು ಹೇಳೋಕೆ ಆಗಲ್ಲ ಅಂತ ಯೋಚನೆ ಮಾಡಿದೀರಾ? ಸೀಟಂತೂ ನಿಮ್ಮದೇ. ಬರೋದಾದ್ರೆ ಈ ಪ್ರಶ್ನೆ ತಗೊಂಡು ಬನ್ನಿ."

ಎಷ್ಟು ಸಿಟ್ಟು ಬಂದಿತ್ತು ಅವಳಿಗೆ! ಉಗುಳು ಒರೆಸಿದವಳು ನಾನು, ಒದ್ದೆ ಹಾಸಿಗೆ ಬದಲಿಸಿದವಳು ನಾನು, ಆಫೀಸಿನಿಂದ ಬಂದು ಕಣ್ಣುರಿಯುವಾಗ ಚಿತ್ರ ಬರೆದವಳು ನಾನು... ದೂರದಲ್ಲಿ ಕುಳಿತವರಿಗೆ ತಪ್ಪು ಹುಡುಕುವುದೇನು ಕಷ್ಟ? ಆ ಸಿಟ್ಟು ಇನ್ನೂ ಆರಿರಲಿಲ್ಲ. ಅದರ ಮೇಲೆ ಈ ನೀರಿನ ರಂಪ, ಮಾವನ ಗಾದೆ, ಗಂಡನ ಅರ್ಧಂಬರ್ಧ ವಾಕ್ಯಗಳು.

"ಆಯ್ತು," ಎಂದಳು, ಬಟ್ಟೆಯನ್ನು ಬಕೆಟ್ಟಿಗೆ ಎಸೆದು. "ಇಲ್ಲೇ ಸೇರ್ತೀನಿ. ಎಲ್ಲರಿಗೂ ಸಮಾಧಾನ ತಾನೇ?"

"ಜಾಣೆ," ಎಂದು ಮಾವ ಮತ್ತೆ ಪತ್ರಿಕೆ ಬಿಡಿಸಿದರು. ಗಂಡ ಗೆದ್ದವನಂತೆ ಊಟದ ಡಬ್ಬಿ ಹಿಡಿದು ಹೊರಟ. ಅತ್ತೆ ಕಣ್ಣುಮುಚ್ಚಿ ತಲೆಯನ್ನು ಕುರ್ಚಿಗೆ ಒರಗಿಸಿದರು.

ರಜೆ ಹಾಕಿದ್ದ ಸೊಸೆ ಮಧ್ಯಾಹ್ನ ಅಡುಗೆಮನೆ ಮೇಜಿನ ಮುಂದೆ ಕುಳಿತಳು. ಪ್ರದರ್ಶನಕ್ಕೆ ಫೋಟೋ ಕಳಿಸಿ, ಒಪ್ಪಿಗೆಯನ್ನೂ ಒತ್ತಿಬಿಟ್ಟರೆ ಮುಗಿಯಿತು. ಟ್ಯಾಬ್ಲೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋನಿನಲ್ಲಿ ಒಂದೊಂದೇ ಪುಟದ ಚಿತ್ರ ತೆಗೆಯತೊಡಗಿದಳು. ನೀರು ಬೇಕು. ಹಸಿವು. ಸಾಕು. ನೋವು. ಮಾತ್ರೆ. ಬಚ್ಚಲು. ಫ್ಯಾನು. ಹೊದಿಕೆ. ನಿದ್ದೆ. ಥ್ಯಾಂಕ್ಸ್. ಖುಷಿ...

ಖುಷಿ ಇತ್ತು. ಸಿಟ್ಟು ಇರಲಿಲ್ಲ. ಸಾಕು ಇತ್ತು. ಬೇಡ ಇರಲಿಲ್ಲ! ಪುಟಗಳನ್ನು ಹಿಂದೆ ಮುಂದೆ ಸರಿಸಿದಳು. ಒಂದೇ ಒಂದು 'ಬೇಡ' ಕೂಡ ಇಲ್ಲ. 'ಯಾಕೆ' ಇಲ್ಲ. 'ಸುಳ್ಳು' ಇಲ್ಲ. 'ನೀನು' ಇಲ್ಲ, 'ನಾನು' ಕೂಡ ಇಲ್ಲ. ಬೆಳಗ್ಗೆ ಅತ್ತೆ ಕುಟ್ಟಿದ್ದು ನೀರಿಗಲ್ಲ; ಹೇಳಬೇಕಾದ್ದಕ್ಕೆ ಅಲ್ಲಿ ಚಿತ್ರವೇ ಇರಲಿಲ್ಲ. ಇಡೀ ಬೀದಿಯನ್ನು ಗಡಗಡ ನಡುಗಿಸಿದ ಹೆಂಗಸಿಗೆ ಅವಳು ಕೊಟ್ಟಿದ್ದು ಕೇಳಿಕೊಳ್ಳುವ ಮಾತು, ಧನ್ಯವಾದದ ಮಾತು, ಅಷ್ಟೇ. ಮರೆತಳೇ? ಇಲ್ಲ... ಮರೆತಿರಲಿಲ್ಲ. ಚಿತ್ರ ಬರೆಯುವಾಗ ಹಾಯಾಗಿತ್ತು ಅವಳಿಗೆ. ಬೈಯದ ಅತ್ತೆ! ಅಂಥ ಅತ್ತೆಯನ್ನು ಅವಳು ತನ್ನ ಕೈಯಾರೆ ಬರೆದುಕೊಂಡಿದ್ದಳು. ಲಕ್ವ ಕಿತ್ತುಕೊಂಡದ್ದು ಒಂದಷ್ಟು, ಉಳಿದದ್ದನ್ನು ಸೊಸೆಯೇ ಕಿತ್ತುಕೊಂಡಿದ್ದಳು. ಅದಕ್ಕೆ ಕೈಕುಲುಕಿ ಸೇವೆ ಎಂದರಲ್ಲ! ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಅವಳು ಬಿಕ್ಕಿ ಬಿಕ್ಕಿ ಅತ್ತಳು. ನಾಚಿಕೆಯಿಂದ ಬರುವ ಅಳು ಬೇಗ ನಿಲ್ಲುವುದಿಲ್ಲ.

ಅತ್ತು ಮುಗಿದ ಮೇಲೆ ಚಿತ್ರ ಬರೆಯಲು ಕುಳಿತಳು. ಅಡ್ಡಗೈ: ಬೇಡ. ಗಂಟಿಕ್ಕಿದ ಹುಬ್ಬು: ಸಿಟ್ಟು. ಎದುರಿಗೆ ಚಾಚಿದ ಬೆರಳು: ನೀನು. ಎದೆಗೆ ಬೆರಳು: ನಾನು. ಬಾಗಿಲಾಚೆ ಕಾಲು: ಹೋಗು. ಬಾಗಿಲಿಗೆ ಅಡ್ಡ ಕೈ: ಹೋಗಬೇಡ. ಸುಳ್ಳು, ಭಯ, ಸೋಮಾರಿ, ಮೊಂಡಿ, ಬಾಯಿ ಮುಚ್ಚು. ದನಿ ತುಂಬುವಾಗ 'ಬಾಯಿ ಮುಚ್ಚು' ಮೆತ್ತಗೆ ಬಂತು. ಅಳಿಸಿ, ಅತ್ತೆ ಹೇಗೆ ಹೇಳುತ್ತಿದ್ದರೋ ಹಾಗೆಯೇ ಗದರಿ ತುಂಬಿದಳು. ಹಜಾರದಿಂದ ಮಾವ ಬೆಚ್ಚಿ, "ಯಾರಿಗಮ್ಮ?" ಎಂದರು.

ಸಂಜೆ ಗಂಡ ಬರುವ ಹೊತ್ತಿಗೆ ಅವಳು ಅತ್ತೆಯ ಮುಂದೆ ನೆಲದಲ್ಲಿ ಕುಳಿತು ಹೊಸ ಪುಟ ತೆರೆದಿದ್ದಳು. "ಅತ್ತೆ, ಇವು ಮೊದಲೇ ಇರಬೇಕಿತ್ತು. ನಾನೇ ಇಟ್ಟಿರಲಿಲ್ಲ. ಬೇಕು ಅಂತಲೇ ಇಟ್ಟಿರಲಿಲ್ಲ. ಒಂದೊಂದಾಗಿ ಒತ್ತಿ ಕೇಳಿ."

ಅತ್ತೆ ಒತ್ತಿದರು. ಒಂದು ಕೇಳಿ, ಮುಂದಿನದು. ಕೇಳಿ, ಮುಂದಿನದು. ಕಣ್ಣುಗಳು ಅಗಲವಾದವು. ಕೊನೆಗೆ ಬೆರಳು ಮೇಲಿನ ಸಾಲಿಗೆ ಹೋಗಿ ನಿಂತಿತು. "ಸಿಟ್ಟು. ನೀನು. ಸಿಟ್ಟು. ನೀನು."

"ನನ್ನ ಮೇಲೆ ಸಿಟ್ಟು... ಹೌದು ಅತ್ತೆ. ಇರಲೇಬೇಕು." ಸೊಸೆಯ ಕೆನ್ನೆ ಒದ್ದೆಯಾಗಿತ್ತು.

"ಬಾಯಿ ಮುಚ್ಚು. ನಾನು. ಬಾಯಿ ಮುಚ್ಚು. ನೀನು."

"ನಿಮ್ಮ ಬಾಯಿ ಮುಚ್ಚಿಸಿದ್ದು ನಾನು. ಹೌದು."

ಗಂಡ ಬ್ಯಾಗು ಕೆಳಗಿಡುವುದನ್ನೂ ಮರೆತು ನಿಂತಿದ್ದ. ಸೊಸೆ ಮೂಗು ಒರೆಸಿಕೊಂಡು ಮನೆಯವರೆಲ್ಲರಿಗೂ ಕೇಳುವಂತೆ ಹೇಳಿದಳು, "ಬೆಳಗ್ಗೆ ಇಲ್ಲೇ ಸೇರ್ತೀನಿ ಅಂದಿದ್ದೆ. ಇಲ್ಲ. ಇಲ್ಲಿಯವರು ನನ್ನ ತಪ್ಪನ್ನ ಪ್ರದರ್ಶನಕ್ಕೆ ಇಡ್ತೀವಿ ಅಂದ್ರು. ಅಲ್ಲಿಯವರು ಒಂದೇ ನೋಟಕ್ಕೆ ಅದನ್ನ ಹಿಡಿದ್ರು. ಹಿಡಿದವರ ಹತ್ರಾನೇ ಕಲೀಬೇಕು ನಾನು. ಇಲ್ದೇ ಹೋದ್ರೆ ಇನ್ನೂ ಎಷ್ಟು ಜನರ ಬಾಯಿ ಹೀಗೇ ಕಟ್ತೀನೋ! ದೂರದ್ದಕ್ಕೇ ಹೋಗ್ತೀನಿ."

ಅತ್ತೆಯ ಬೆರಳು ಪರದೆಯ ಮೇಲೆ ತಡಕಾಡಿತು. ಸಿಕ್ಕಿತು. "ಹೋಗಬೇಡ." ಮತ್ತೆ, "ಹೋಗಬೇಡ. ಭಯ. ನಾನು. ಹೋಗಬೇಡ."

ಬೈಗುಳ ಬಂದೀತೆಂದು ಕಾದಿದ್ದ ಸೊಸೆಗೆ ಇದು ಬಂದೀತೆಂಬ ಊಹೆಯೇ ಇರಲಿಲ್ಲ. ಹಿಂದೊಮ್ಮೆ ಪಕ್ಕದ ಮನೆಗೆ ಕೇಳುವಂತೆ ಕೂಗಿದ ಆ ಕೂಗಿನ ಒಳಗೂ ಇದೇ ಭಯವಿತ್ತೇ...? ಯಾರು ಬಲ್ಲರು.

"ಕೇಳಿಸ್ತಲ್ಲಮ್ಮ? ನೀನೇ ಮಾತು ಕೊಟ್ಟೆ, ಅವಳೇ ಹೇಳಿಬಿಟ್ಟಳು!" ಮಾವ ಎದ್ದುಬಂದರು. ಅತ್ತೆಯ ಬೆರಳು ಮಾತ್ರ ನಿಲ್ಲಲಿಲ್ಲ. ಕಣ್ಣೀರು ಗಲ್ಲಕ್ಕಿಳಿದು, ಬಾಯಿಯ ವಾರೆಯಾದ ಕಡೆಯಿಂದ ಜೊಲ್ಲೂ ಇಳಿಯುತ್ತಿತ್ತು. "ಹೋಗಬೇಡ. ಹೋಗಬೇಡ. ಹೋಗಬೇಡ." ಮಾವನಿಗೆ ಅದನ್ನು ನೋಡಲಾಗಲಿಲ್ಲ. "ಸಾಕು ಬಿಡೇ, ಅರ್ಥ ಆಯ್ತು," ಎಂದು ಟ್ಯಾಬ್ಲೆಟ್ಟಿಗೆ ಕೈಹಾಕಿದರು.

"ತೆಗೀಬೇಡಿ ಮಾವ!" ಸೊಸೆ ಅವರ ಕೈ ತಡೆದಳು. ಆ ಮನೆಗೆ ಬಂದ ಮೇಲೆ ಮಾವನ ಮುಂದೆ ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದೇ ಇಲ್ಲ. "ಅವರು ಮಾತಾಡ್ತಿದ್ದಾರೆ."

ಅತ್ತೆ ಹೇಳಿ ಮುಗಿಸುವವರೆಗೂ ಅವಳು ಎದುರಿಗೆ ಕುಳಿತು ಕೇಳಿದಳು. ಬೆರಳು ದಣಿದು ನಿಂತಾಗ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು. "ಹೋಗ್ತೀನಿ ಅತ್ತೆ. ನೀವು ಬೇಡ ಅಂದ್ರೂ ಹೋಗ್ತೀನಿ. ರಜೆ ಸಿಕ್ಕಾಗೆಲ್ಲ ಬರ್ತೀನಿ, ಬಂದಾಗ ಎಷ್ಟು ಬೇಕಾದ್ರೂ ಬೈಯಿರಿ. ಆದ್ರೆ ಹೋಗ್ತೀನಿ."

ಅತ್ತೆ ಕೈ ಕಿತ್ತುಕೊಂಡರು. "ಮೊಂಡಿ," ಎಂದಿತು ಪರದೆ.

"ಹೂಂ. ಮೊಂಡೀನೇ."

ಮಗ ಮುಂದೆ ಬಂದು ತಾಯಿಯ ಗಲ್ಲ ಒರೆಸಿದ. ಏನಂತೆ ಎಂದು ಹೆಂಡತಿಯನ್ನು ಕೇಳಲಿಲ್ಲ. "ಅಮ್ಮ, ಭಯ ಯಾಕೆ? ನಾನಿದೀನಲ್ಲ," ಎಂದ ನೇರವಾಗಿ. ಅತ್ತೆ ಅವನನ್ನು ನೋಡಿದರು, ತಮ್ಮ ಗಂಡನನ್ನು ನೋಡಿದರು. ಬೆರಳು ನಿಧಾನಕ್ಕೆ ಕೆಳಗಿನ ಸಾಲಿಗೆ ಇಳಿಯಿತು. "ಸೋಮಾರಿ. ನೀನು. ಸೋಮಾರಿ." ಯಾರಿಗೆಂದು ಸ್ಪಷ್ಟವಾಗಲಿಲ್ಲ. ಇಬ್ಬರೂ ತಲೆ ತಗ್ಗಿಸಿದರು. ಮಾವ ಕನ್ನಡಕ ಸರಿಮಾಡಿಕೊಂಡು, ಒಂದು ಕುರ್ಚಿ ಎಳೆದು ಹೆಂಡತಿಯ ಮಗ್ಗುಲಲ್ಲಿ ಕುಳಿತರು. "ಎಲ್ಲೇ ಅದು? ಯಾವ ಗುಂಡಿ? ತೋರಿಸು..." ಎಂದರು.

ಸೊಸೆ ಎದ್ದು ಅಡುಗೆಮನೆಗೆ ಬಂದಳು. ಬೋರಲು ಬಿದ್ದಿದ್ದ ಫೋನನ್ನು ತಿರುಗಿಸಿದಳು. ಹೊರಗೆ ಇನ್ನೂ ಬೆಳಕಿತ್ತು. ದೂರದ ವಿಶ್ವವಿದ್ಯಾಲಯದ ಪುಟ ತೆರೆದು ಬೆರಳು ಇಡುವಷ್ಟರಲ್ಲಿ ಹಜಾರದಿಂದ ಮತ್ತೆ ಕೇಳಿಸಿತು. ಅವಳದೇ ದನಿ, ಅವಳನ್ನೇ ಬೇಡಿಕೊಳ್ಳುತ್ತಿತ್ತು: "ಹೋಗಬೇಡ."

ಅವಳು ಕಣ್ಣೊರೆಸಿಕೊಂಡು, ಅದು ಪೂರ್ತಿ ಮುಗಿಯುವವರೆಗೆ ಕಾದು, ಒಪ್ಪಿಗೆ ಒತ್ತಿದಳು.