ಬ್ಲೇಡು ತಾಗಿದ ವೈರು

ಯಶೋಧರಾ ತನ್ನ ರಿಪೇರಿ ಅಂಗಡಿಯಲ್ಲಿ ಎಲೆಕ್ಟ್ರಿಕ್ ಗಿಟಾರಿನ ಹಿಂದಿನ ಮುಚ್ಚಳ ಬಿಚ್ಚಿ, ಕಪ್ಪು ವೈರಿನ ತುದಿಯನ್ನು ಬೆಳಕಿಗೆ ಹಿಡಿದಳು. ತಾನಾಗಿ ಹರಿದ ವೈರು ಎಳೆಎಳೆಯಾಗಿರುತ್ತದೆ. ಇದು ಕತ್ತರಿಸಿದ ಉಗುರಿನಂತೆ ನುಣ್ಣಗಿತ್ತು.

"ವಿಶ್ವಾರಾಧ್ಯ ಅವ್ರ, ಇದು ಎಷ್ಟನೇ ಸಲರೀ?"

"ಮೂರನೇದು." ಸುರಪುರದಿಂದ ಶಹಾಪುರದವರೆಗೆ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಬಂದವನು ಮುಖ ಗಂಭೀರ ಮಾಡಿದ. "ಮದುವಿ ಆರ್ಕೆಸ್ಟ್ರಾದಾಗ ಭಾಳ ಬಡೀತೀವಿ ನೋಡು. ತಾನೇ ಹರೀತದ."

"ತಾನೇ ಹರೀತದೋ, ಬ್ಲೇಡ್ ಹಚ್ತೀರೋ?"

ಅವನು ಫ್ಯಾನಿನ ಕಡೆ ನೋಡಿದ. ಕಿವಿ ಕೆಂಪಾದವು. ಅವಳ ತುಟಿಯ ಅಂಚಿಗೆ ನಗು ಬಂತು; ಅಲ್ಲೇ ತಡೆದಳು.

"ಮತ್ತೇನ್ ಮಾಡ್ಲಿ? ಎದುರು ಗೊಬ್ಬರದ ಅಂಗಡ್ಯಾಗ ನಮ್ಮ ನಾಗಣ್ಣ ಕಾಕಾ ಕುಂತಿರ್ತಾರ. ಕೈಯಾಗ ಗಿಟಾರ್ ಇದ್ರ ಯಾಕ್ ಬಂದಿ ಅಂತ ಕೇಳಂಗಿಲ್ಲ."

ಅವಳ ಹಿಂದಿನ ಗೋಡೆಯಲ್ಲಿ ಬುದ್ಧನ ಪಟ. ಅವನ ಹಣೆಯಲ್ಲಿ ವಿಭೂತಿ. ಅವರಿಬ್ಬರ ಜಾತಿಯ ಓಣಿಗಳ ನಡುವೆ ಎಷ್ಟು ದೂರವೆಂದು ಇಬ್ಬರಿಗೂ ಗೊತ್ತಿತ್ತು.

"ನಿಮ್ಮವ್ವಗ ನನ್ನ ಹೆಸರು ಹೇಳೀರೇನು?"

"ಹೇಳ್ತೀನಿ. ಸ್ವಲ್ಪ ತಡಿ."

"ವರ್ಷ ಆತ್ರೀ ತಡದು."

ಅವಳು ಗಿಟಾರಿನತ್ತ ಬಾಗಿದಳು. ತಂತಿಯ ದನಿ ಹಿಡಿಯುವ, ಗೊರಗುಟ್ಟುತ್ತಿದ್ದ ಹಳೆಯ ಪಿಕಪ್ ಎರಡನ್ನೂ ಕಿತ್ತು ಹೊಸವನ್ನು ಕೂರಿಸಿದಳು.

"ನಾ ವೈರ್ ಅಷ್ಟೇ ಹಚ್ಚು ಅಂದಿದ್ದೆ."

"ಸುಮ್ನ ಕುಂದರ್ರಿ."

ದಪ್ಪ ವೈರು, ಹೊಸ ವಾಲ್ಯೂಮ್ ಗುಂಡಿ, ಹೊಸ ಜ್ಯಾಕು. ಬೆಸುಗೆಯ ಹೊಗೆಗೆ ಕಣ್ಣು ಕಿರಿದು ಮಾಡಿದ ಅವಳನ್ನು ಅವನು ರೆಪ್ಪೆ ಬಡಿಯದೆ ನೋಡಿದ. ಪ್ರತಿಯೊಂದು ಬೆಸುಗೆಯನ್ನೂ ಎಳೆದು ನೋಡಿ, ಸ್ಕ್ರೂಗಳಿಗೆ ಅಂಟು ಹಾಕಿ ಮುಚ್ಚಳ ಬಿಗಿದಳು. ಅವನು ಸ್ಪೀಕರಿಗೆ ಜೋಡಿಸಿ ತಂತಿ ಮೀಟಿದ. ಅಂಗಡಿ ತುಂಬ ತಿಳಿಯಾದ ದನಿ.

"ಇನ್ನ ಹತ್ತು ವರ್ಷ ಕೆಡಂಗಿಲ್ಲ. ಬ್ಲೇಡಿಗೂ ಸಿಗಂಗಿಲ್ಲ. ಇದನ್ನ ತಗೊಂಡು ಮತ್ತ ಬರಬ್ಯಾಡ್ರಿ."

"ಮತ್ತ ನಿನ್ನ ಹ್ಯಾಂಗ ನೋಡ್ಲಿ?"

"ಅದನ್ನ ರಿಪೇರಿ ಮಾಡೂದು ನನ್ನ ಕೆಲಸ ಅಲ್ರಿ."

ಎಂಟು ದಿನ ಅವನ ಸುಳಿವಿಲ್ಲ. ಅವಳು ಗಿರಾಕಿಗಳ ಜೊತೆ ನಕ್ಕಳು, ಎರಡು ಸಲ ಬೆರಳು ಸುಟ್ಟುಕೊಂಡಳು. ಫೋನ್ ಮಾತ್ರ ಮಾಡಲಿಲ್ಲ.

ಒಂಬತ್ತನೆಯ ದಿನ, ನಡುಮಧ್ಯಾಹ್ನ, ಅವನು ಬರಿಗೈಯಲ್ಲಿ ಬಂದ. ಸ್ಟೂಲನ್ನು ಹೊಸ್ತಿಲಾಚೆ ಎಳೆದು, ಬೀದಿಗೆ ಮುಖ ಮಾಡಿ ಬಿಸಿಲಲ್ಲೇ ಕುಳಿತ.

ನಾಗಣ್ಣ ಕಾಕಾ ರಸ್ತೆ ದಾಟಿ ಬಂದರು. "ಏನೋ ವಿಶ್ವಾ, ಇವತ್ತೇನ್ ಕೆಟ್ಟದ?"

ಒಳಗೆ ಅವಳ ಕೈ ನಿಂತಿತು.

"ಏನೂ ಕೆಟ್ಟಿಲ್ಲ ಕಾಕಾ." ಅವನು ಎದ್ದು ನಿಂತ. ದನಿ ಬೀದಿಗೆಲ್ಲ ಕೇಳಿಸಿತು. "ಯಶೋಧರಾನ್ನ ನೋಡಾಕ ಬಂದೀನಿ. ಮದುವಿ ಆದ್ರ ಅಕೀನ್ನೇ ಅಂತ ಮುಂಜಾನಿ ಅವ್ವಗ ಹೇಳೀನಿ. ಇನ್ನೂ ಅಳಾಕತ್ತಾಳ. ನೀವೂ ಬೈಯೂದಿದ್ರ ಬೈರಿ. ನಾ ಇಲ್ಲಿಂದ ಕದಲಂಗಿಲ್ಲ."

ಮತ್ತೆ ಕುಳಿತ.

ಕಾಕಾನ ಬಾಯಿ ತೆರೆಯಿತು. ಅಷ್ಟರಲ್ಲಿ ಯಶೋಧರಾ ಇನ್ನೊಂದು ಸ್ಟೂಲು ತಂದು ಅವನ ಮಗ್ಗುಲಿಗೆ ಹಾಕಿ, ಸೆರಗು ಸರಿಮಾಡಿಕೊಂಡು ಕುಳಿತಳು.

"ಬೈರಿ ಕಾಕಾ," ಎಂದಳು. "ಇಬ್ಬರಿಗೂ ಕೂಡೇ ಬೈರಿ."