ತಪ್ಪಿ ಅಂಟಿಸಿದ ಲೇಬಲ್

ಏಂಗಸ್ ಮಿರೇಲ್‌ಗೆ ಕಂಪ್ಯೂಟರ್ ಡಿಸ್ಕ್ ಪಾರ್ಟಿಶನ್ ಮಾಡುವುದನ್ನು ಕಲಿಸುತ್ತಿದ್ದ. ಅದಕ್ಕೆ ಅಷ್ಟೊಂದು ನಗು ಏಕೆ ಬೇಕೆಂದು ಇಸ್ಲಾಗೆ ತಿಳಿಯಲಿಲ್ಲ.

ಹ್ಯಾಲಿಫ್ಯಾಕ್ಸ್ ಬಂದರಿನ ಆ ಪುಟ್ಟ ಲ್ಯಾಬಿನಲ್ಲಿ ತಿಮಿಂಗಿಲಗಳ ಕೂಗನ್ನು ರೆಕಾರ್ಡ್ ಮಾಡಿ ಡಿಸ್ಕುಗಳಲ್ಲಿ ಕೂಡಿಡುತ್ತಿದ್ದರು. ಹೊಸ ಡಿಸ್ಕುಗಳು ಬಂದಾಗಲೆಲ್ಲ ಏಂಗಸ್ ಅವುಗಳೊಳಗಿನ ಜಾಗವನ್ನು ಪಾಲು ಮಾಡಿ, ಅಂದರೆ ಪಾರ್ಟಿಶನ್ ಮಾಡಿ, ಒಂದೊಂದಕ್ಕೂ 'ಒಂದು', 'ಎರಡು' ಎಂದು ಹೆಸರು ಕೊಡುವುದು, ಇಸ್ಲಾ ಸೀರಿಯಲ್ ನಂಬರ್ ನೋಡಿ ಅದೇ ಹೆಸರಿನ ಲೇಬಲ್ ಅಂಟಿಸುವುದು. ಇದು ಅವರಿಬ್ಬರದೇ ಕೆಲಸ. ಅವನ ಪಕ್ಕದ ಕುರ್ಚಿಯೂ ತನ್ನದೇ ಎಂದುಕೊಂಡಿದ್ದಳು ಇಸ್ಲಾ.

ಈಗ ಅಲ್ಲಿ ಮಾಂಟ್ರಿಯಲ್‌ನಿಂದ ಹೊಸದಾಗಿ ಬಂದ ಮಿರೇಲ್ ಕೂತಿದ್ದಳು, ಪರದೆ ಕಾಣಲೆಂದು ಅವನ ಹೆಗಲಿನತ್ತ ಬಾಗಿ. ಅವಳ ಸ್ಕಾರ್ಫಿನ ತುದಿ ಅವನ ತೋಳಿಗೆ ತಾಗುತ್ತಿತ್ತು. ಏಂಗಸ್ ತೋಳು ಸರಿಸಲಿಲ್ಲ.

ಇಸ್ಲಾ ಆ ತೋಳನ್ನೇ ನೋಡುತ್ತ ಕೆಲಸ ಮುಗಿಸಿದಳು. ಕೊನೆಯ ಕೆಲವು ಲೇಬಲ್‌ಗಳನ್ನು ನಂಬರ್ ಕೂಡ ನೋಡದೆ ಅಂಟಿಸಿ, ತಲೆನೋವೆಂದು ಹೇಳಿ ಹೊರಟುಬಿಟ್ಟಳು. ಆಮೇಲೆ ಸರಿಪಡಿಸಲು ಬಿಗುಮಾನ ಬಿಡಲಿಲ್ಲ.

ಕೆಲವು ವಾರಗಳಲ್ಲೇ, ಡಿಸ್ಕುಗಳನ್ನೆಲ್ಲ ಜೋಡಿಸಿದ್ದ ಯಂತ್ರದಲ್ಲಿ ಒಂದು ಡಿಸ್ಕ್ ಕೆಟ್ಟಿತು. ಒಂದು ಹೋದರೆ ಉಳಿದವು ಸೇರಿ ಹೇಗೋ ತಡೆದುಕೊಳ್ಳುತ್ತವೆ. ಆಗ ಇನ್ನೊಂದು ಹೋದರೆ, ತಪ್ಪಿ ಹೊರಗೆಳೆದರೂ ಸಾಕು, ಒಳಗಿರುವುದೆಲ್ಲವೂ ಹೋದಂತೆ. ಆ ವರ್ಷದ ರೆಕಾರ್ಡಿಂಗ್‌ಗೆ ಬೇರೆ ಪ್ರತಿ ಇನ್ನೂ ಆಗಿರಲಿಲ್ಲ. ಕೆಟ್ಟಿರುವುದು ಏಳನೆಯದು ಎಂದು ಪರದೆ ತೋರಿಸಿತು. ಏಂಗಸ್ 'ಏಳು' ಎಂಬ ಲೇಬಲಿನ ಡಿಸ್ಕನ್ನು ಹೊರಗೆಳೆಯಲು ಕೈಹಾಕಿದ. ಹೊಸ ಡಿಸ್ಕ್ ಹಿಡಿದು ಮಿರೇಲ್ ಪಕ್ಕದಲ್ಲೇ ನಿಂತಿದ್ದಳು. ಬೇರೆ ಯಾರ ಎದುರಾದರೂ ಹೇಳಬಹುದಿತ್ತು, ಇವಳ ಎದುರೇ ಹೇಳಬೇಕಾಯಿತಲ್ಲ ಎಂದು ಇಸ್ಲಾಳ ಮುಖ ಬಿಸಿಯಾಯಿತು.

"ಎಳೀಬೇಡ ಏಂಗಸ್. ನಂಬರ್ ನೋಡ್ದೆ ಅಂಟಿಸಿದ್ದೀನಿ."

"ನೀನಾ? ಯಾಕೆ?"

"ನೀವಿಬ್ರೂ ನಗ್ತಾ ಇದ್ರಿ."

ಮಿರೇಲ್ ಡಿಸ್ಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಕಾಫಿ ತರುತ್ತೇನೆಂದು ಹೊರಗೆ ಹೋದಳು.

ಸಿಟ್ಟಿನಿಂದ ಏಂಗಸ್‌ನ ಕಿವಿ ಕೆಂಪಾಗಿತ್ತು. ಯಂತ್ರವನ್ನು ನಿಲ್ಲಿಸಿ, ಒಂದೊಂದೇ ಡಿಸ್ಕ್ ತೆಗೆದು ನಂಬರ್ ಓದಿದ. ಇಸ್ಲಾ ಹೊಸ ಲೇಬಲ್ ಬರೆದಳು. ಕೆಟ್ಟಿದ್ದದ್ದು 'ಎಂಟು' ಎಂದು ಅಂಟಿಸಿದ್ದ ಡಿಸ್ಕ್. ಅದನ್ನು ಬದಲಿಸಿದ ಮೇಲೆ ಯಂತ್ರ ಮತ್ತೆ ಗುನುಗತೊಡಗಿತು. ಏನೂ ಕಳೆದುಹೋಗಿರಲಿಲ್ಲ.

"ಅವಳಿಗೆ ಯಾಕೆ ಕಲಿಸ್ತಿದ್ದೆ ಗೊತ್ತಾ?" ಎಂದ ಏಂಗಸ್. "ಜೂನಲ್ಲಿ ರೆಕಾರ್ಡಿಂಗ್‌ಗೆ ನಾನು ಹಡಗಿಗೆ ಹೋಗ್ಬೇಕು. ಇದನ್ನ ನೋಡ್ಕೊಳ್ಳೋರು ಇಲ್ಲೊಬ್ರಿದ್ರೆ ನೀನೂ ಬರಬಹುದಲ್ಲ ಅಂತ."

"ನನ್ನನ್ನ ಕೇಳಲೇ ಇಲ್ಲ ನೀನು."

"ಬರಲ್ಲ ಅಂದ್ಬಿಟ್ರೆ ಅಂತ ಭಯ."

ಇಸ್ಲಾ ತಲೆ ತಗ್ಗಿಸಿದಳು. "ಹಡಗಲ್ಲಿ ನಂಗೆ ವಾಂತಿ ಬರುತ್ತೆ."

"ಗೊತ್ತು. ಬಕೆಟ್ ನಾನು ಹಿಡ್ಕೋತೀನಿ."

ನಗು ತಡೆದುಕೊಂಡು, ಹಡಗಿನಲ್ಲಿ ಇನ್ನು ಯಾರ್ಯಾರು ಇರುತ್ತಾರೆಂದು ಕೇಳಿದಳು.

"ಮೂರು ಜನ. ಮೂವರಿಗೂ ಗಡ್ಡ ಇದೆ."

"ಹಾಗಾದ್ರೆ ಬರ್ತೀನಿ," ಎಂದು ಇಸ್ಲಾ ಅವನ ಪಕ್ಕದ ಕುರ್ಚಿಯಲ್ಲಿ ಕೂತಳು.